ಗೌರಮ್ಮನವರ ಮಾತನ್ನು ನಾನು ನುಂಗಿದ್ದು

ಇದು ಶುರುವಾಗಿದ್ದು ಹನ್ನೆರಡು ವರ್ಷದ ಹಿಂದೆ. ಆಗ ನಾನು ನೆಲಮಂಗಲದ ಆಚೆ, ಹೆದ್ದಾರಿ ಪಕ್ಕದ ಒಂದು ಜಪಾನಿ ಕಾರ್ಖಾನೆಯಲ್ಲಿ ಇಂಟರ್‌ಪ್ರಿಟರ್ ಆಗಿದ್ದೆ. ಹಳೇ ಕನ್ನಡದಲ್ಲಿ ಹೇಳುವುದಾದರೆ ದುಭಾಷಿ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ನಾನು ಹುಟ್ಟಿದ್ದು ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ. ಜಪಾನಿ ಭಾಷೆ ನನಗೆ ಬಂದದ್ದು ರೇಷ್ಮೆಯ ದೆಸೆಯಿಂದ. ಹರೆಯದಲ್ಲಿ ರೇಷ್ಮೆ ಫಾರಂ ಒಂದರಲ್ಲಿ ಕೆಲಸಕ್ಕಿದ್ದಾಗ ಜಪಾನಿನ ಹುಳು ತಜ್ಞರು ಬಂದಿದ್ದರು. ಅವರ ಚೀಲ ಹೊರಲು ನನ್ನನ್ನು ಹಾಕಿದರು. ಚೀಲದ ಜೊತೆ ಭಾಷೆಯೂ ಹೆಗಲೇರಿತು. ಆಮೇಲೆ ಪರೀಕ್ಷೆ ಕಟ್ಟಿ ಪಾಸಾದೆ. ಇಲ್ಲಿ ಬರುವವರ ಹೆಸರುಗಳನ್ನು ಬದಲಿಸಿದ್ದೇನೆ, ನನ್ನ ತಪ್ಪನ್ನು ಬದಲಿಸಿಲ್ಲ.

ದುಭಾಷಿಯ ಕೆಲಸ ಹೇಗೆ ಎಂದು ಮೊದಲು ಹೇಳಿಬಿಡುತ್ತೇನೆ. ಒಬ್ಬರು ಮಾತಾಡಿ ನಿಲ್ಲಿಸಿದ ಮೇಲೆ ನಾವು ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳಬೇಕು. ಇದಕ್ಕೆ ಕನ್ಸೆಕ್ಯೂಟಿವ್ ಇಂಟರ್‌ಪ್ರಿಟೇಶನ್ ಅನ್ನುತ್ತಾರೆ. ಹೇಳುವಾಗ ‘ಅವರು ಹೀಗಂದರು’ ಅನ್ನುವ ಹಾಗಿಲ್ಲ. ಅವರು ‘ನಾನು’ ಅಂದರೆ ನಾವೂ ‘ನಾನು’ ಅನ್ನಬೇಕು. ಒಂದು ಮಾತು ಸೇರಿಸುವಂತಿಲ್ಲ, ಒಂದು ಮಾತು ಬಿಡುವಂತಿಲ್ಲ. ಈ ನಿಯಮವನ್ನು ನಾನು ಇಪ್ಪತ್ತು ವರ್ಷ ದಿನಾ ಮುರಿದೆ, ಮುರಿದಿದ್ದಕ್ಕೇ ಒಳ್ಳೆ ಹೆಸರು ತಗೊಂಡೆ. ಜಪಾನಿ ಮ್ಯಾನೇಜರ್ ಕೆಂಪಗಾಗಿ ‘ಯಾವ ಮೂರ್ಖ ಈ ಕೆಲಸ ಮಾಡಿದ್ದು?’ ಅಂತ ಕೂಗಿದರೆ, ‘ಇದನ್ನು ಮಾಡಿದವರು ಯಾರು ಅಂತ ಕೇಳ್ತಿದ್ದಾರೆ’ ಅನ್ನುತ್ತಿದ್ದೆ. ನಮ್ಮ ಹುಡುಗ ‘ಇವ್ನ ಬಾಯಿಗೆ ಮಣ್ಣಾಕ’ ಅಂದರೆ, ಜಪಾನಿಯಲ್ಲಿ ‘ಪರಿಶೀಲಿಸುತ್ತೇವೆ ಸಾರ್’ ಆಗುತ್ತಿತ್ತು. ಎರಡೂ ಕಡೆಯವರು ದೀಪಾವಳಿಗೆ ನನ್ನ ಮನೆಗೆ ಸ್ವೀಟ್ ಬಾಕ್ಸ್ ಕಳಿಸುತ್ತಿದ್ದರು. ಜಗಳ ತಪ್ಪಿಸುವವನು ಪುಣ್ಯವಂತ ಅಂತ ನಾನೂ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ.

ಆ ವರ್ಷ ಮಾಗಿಯಲ್ಲಿ ಮ್ಯಾನೇಜರು ನನ್ನನ್ನು ಕರೆದು ಒಂದು ಕಾಗದ ಕೈಗಿಟ್ಟರು. ಹಗಿನೊ ಎಂಬ ಕಾದಂಬರಿಕಾರರು ಜಪಾನಿನಿಂದ ಬರುತ್ತಿದ್ದಾರೆ, ವಯಸ್ಸು ಎಂಬತ್ತೆಂಟು, ದೊಡ್ಡಬಳ್ಳಾಪುರದಲ್ಲಿ ಒಂದು ಮನೆ ಹುಡುಕಬೇಕಂತೆ, ನೀನು ಅಲ್ಲಿಯವನೇ ಅಲ್ಲವೇ ಅಂದರು. ಕಾಗದದ ಜೊತೆ ಒಂದು ಹಳೇ ಕವರಿನ ಫೋಟೋ ಇತ್ತು. ಕವರಿನ ಮೇಲೆ ಇಂಗ್ಲಿಷಿನಲ್ಲಿ ಒಬ್ಬ ನೇಕಾರರ ಹೆಸರು, ನಮ್ಮ ಪೇಟೆಯ ಬೀದಿ, ದೊಡ್ಡಬಳ್ಳಾಪುರ. ಒಳಗೆ ಏನೂ ಇರಲಿಲ್ಲವಂತೆ, ಖಾಲಿ.

ಅವರು ಬರುವ ಮೊದಲು ಅವರ ಮೂರು ಕಾದಂಬರಿ ತರಿಸಿ ಓದಿದೆ. ಹಗಿನೊ ಹಿಮ ಬೀಳುವ ಒಂದು ಸಣ್ಣ ಊರಿನ ಮೇಷ್ಟ್ರ ಮಗ. ಹತ್ತೊಂಬತ್ತು ತುಂಬುತ್ತಿದ್ದ ಹಾಗೆ ಸೈನ್ಯಕ್ಕೆ ಎಳೆದುಕೊಂಡು ಹೋಗಿ ಬರ್ಮಾಕ್ಕೆ ಹಾಕಿದರು. ಸೋತು ವಾಪಸು ನಡೆಯುವಾಗ ಜೊತೆಯವರೆಲ್ಲ ದಾರಿಯಲ್ಲೇ ಉದುರಿದರು, ಇವರೊಬ್ಬರು ಉಳಿದರು. ಊರಿಗೆ ಬಂದು ರೈಲ್ವೆಯಲ್ಲಿ ಗುಮಾಸ್ತರಾದರು. ಬೆಳಗಿನ ಜಾವ ಎದ್ದು, ಪೆನ್ಸಿಲಿನಲ್ಲಿ, ಡ್ಯೂಟಿಗೆ ಹೋಗುವವರೆಗೆ ಬರೆಯುತ್ತಿದ್ದರು. ಒಟ್ಟು ಒಂಬತ್ತು ಕಾದಂಬರಿ, ಒಂಬತ್ತೂ ಅದೇ ರಸ್ತೆಯ ಮೇಲೆ. ಅವರ ನಾಡಿನವರೇ ‘ಈ ಮನುಷ್ಯ ಇನ್ನೂ ಬರ್ಮಾದಿಂದ ವಾಪಸು ಬಂದಿಲ್ಲ’ ಅಂತ ತಮಾಷೆ ಮಾಡುತ್ತಿದ್ದರಂತೆ. ನಾನು ಓದಿದ ಮೂರರಲ್ಲೂ ಒಂದು ಕಡೆ ಒಬ್ಬ ಕೈದಿ ನೀರು ಕೇಳುತ್ತಾನೆ, ಒಬ್ಬ ಸಿಪಾಯಿ ಕೊಡುವುದಿಲ್ಲ. ಆ ಸಿಪಾಯಿ ಯಾವತ್ತೂ ಕಥೆ ಹೇಳುವವನಲ್ಲ, ಬೇರೆ ಯಾರೋ. ನನಗೆ ಅಲ್ಲೇ ಅನುಮಾನ ಬಂತು.

ಮನೆ ಹುಡುಕಲು ನಾಲ್ಕು ದಿನ ಸಾಕಾಯಿತು. ಕವರಿನಲ್ಲಿದ್ದದ್ದು ಈಗಿನವರು ಮರೆತಿದ್ದ ಹೆಸರು, ನಮ್ಮ ಬೀದಿಯ ಗೌರಮ್ಮನವರ ತಾತನದು. ಗೌರಮ್ಮ ಎಪ್ಪತ್ಮೂರರ ಹೆಂಗಸು, ಮನೆ ಹಿಂದೆ ನಾಲ್ಕು ಪವರ್‌ಲೂಮ್, ಇಬ್ಬರು ಗಂಡುಮಕ್ಕಳು. ಬೀದಿಯಲ್ಲಿ ಅವರ ಬಾಯಿಗೆ ಹೆದರದವರಿಲ್ಲ. ಅವರ ಅಪ್ಪ ಬ್ರಿಟಿಷರ ಸೈನ್ಯದಲ್ಲಿ ಲಾರಿ ಡ್ರೈವರ್. ಮಗಳಿಗೆ ಮೂರು ವರ್ಷವಾಗಿದ್ದಾಗ ಹೋದವರು, ಮತ್ತೆ ಬರಲಿಲ್ಲ. ‘ಕಾಣೆಯಾಗಿದ್ದಾರೆ’ ಎಂದು ಒಂದು ತಂತಿ ಬಂತು, ಅಷ್ಟೇ. ತಾತನ ಹೆಸರಿನ ಕವರು ಇಟ್ಟುಕೊಂಡಿರುವ ಜಪಾನಿ ಸಿಪಾಯಿಯೊಬ್ಬರು ಬರುತ್ತಿದ್ದಾರೆ ಅಂತ ಗೌರಮ್ಮನವರಿಗೆ ಸುದ್ದಿ ಹೇಳಿದೆ. ‘ಬರ್ಲಿ. ಮುಖ ನೋಡ್ತೀನಿ’ ಅಂದರು.

ಒಂದು ಭಾನುವಾರ ಬೆಳಿಗ್ಗೆ ಹಗಿನೊ ಅವರನ್ನು ಕರೆದುಕೊಂಡು ಹೋದೆ. ಮಗ್ಗ ನಿಲ್ಲಿಸಿ ಅಮ್ಮ, ಮಾತು ಕೇಳಿಸಲ್ಲ ಅಂದೆ. ‘ಇವ್ನಿಗೋಸ್ಕರ ನಾನ್ಯಾಕೆ ಮಗ್ಗ ನಿಲ್ಸಲಿ?’ ಅಂದರು. ಸರಿ, ಆ ಗದ್ದಲದಲ್ಲೇ ಶುರುವಾಯಿತು. ನಡುಮನೆಗೆ ಕಾಲಿಡುತ್ತಿದ್ದ ಹಾಗೆ ಗೌರಮ್ಮ ಒಂದು ಲೋಟ ನೀರು ತಂದು ಅವರ ಮುಂದಿಟ್ಟರು. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ನೀರು ಕೊಡುವುದು, ಆಮೇಲೆ ಬೇಕಾದರೆ ಜಗಳ. ಹಗಿನೊ ಆ ಲೋಟವನ್ನು ನೋಡಿದರು, ಮುಟ್ಟಲಿಲ್ಲ. ಎರಡೂ ಮೊಣಕಾಲೂರಿ, ಹಣೆಯನ್ನು ಗಾರೆ ನೆಲಕ್ಕೆ ಹಚ್ಚಿ, ಹೇಳಬೇಕಾದ್ದನ್ನೆಲ್ಲ ಹೇಳಿದರು.

ಐದು ಜನ ಭಾರತೀಯ ಕೈದಿಗಳಿಗೆ ಅವರು ಕಾವಲಿದ್ದರು. ಒಬ್ಬನಿಗೆ ಸುಡುವ ಜ್ವರ. ಅವನು ಕೈಸನ್ನೆ ಮಾಡಿ ನೀರು ಕೇಳಿದ. ಇವರ ಬಾಟಲಿಯಲ್ಲಿ ಅರ್ಧ ನೀರಿತ್ತು. ಕೊಡಲಿಲ್ಲ, ಅವನ ಎದುರಿಗೇ ತಾವೇ ಕುಡಿದರು. ಮಾರನೇ ಬೆಳಿಗ್ಗೆ ಅವನು ಸತ್ತಿದ್ದ. ಜೇಬಿನಲ್ಲಿ ಈ ಕವರಿತ್ತು. ಇಂಗ್ಲಿಷ್ ಬಾರದ ಆ ಕೈದಿ ಯಾರ ಕೈಯಲ್ಲೋ ಮನೆ ವಿಳಾಸ ಬರೆಸಿ ಇಟ್ಟುಕೊಂಡಿದ್ದಿರಬೇಕು, ಒಳಗೆ ಹಾಕಲು ಕಾಗದ ಸಿಕ್ಕಿರಲಿಕ್ಕಿಲ್ಲ. ಇಷ್ಟನ್ನೂ ನಾನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ. ಆ ಕಡೆಯಿಂದ ಈ ಕಡೆಗೆ ಬಂದ ಮಾತಿನಲ್ಲಿ ಮೋಸವಿಲ್ಲ.

ಹಗಿನೊ ತೆಗೆದುಕೊಟ್ಟ ಕವರನ್ನು ಗೌರಮ್ಮ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಒಂದೇ ಉಸಿರಿಗೆ ಹೇಳಿದರು:

‘ನೀರಿನ ಮಾತು ಬಿಡು ಅನ್ನು ಇವ್ನಿಗೆ. ಯುದ್ಧ, ಹಸಿವು, ಎಳೇ ವಯಸ್ಸು, ಏನೋ ಮಾಡ್ದ. ಆದ್ರೆ ಸತ್ತಿದ್ದು ಗೊತ್ತಿತ್ತಲ್ಲಯ್ಯಾ? ವಿಳಾಸ ಕೈಲೇ ಇತ್ತಲ್ಲಯ್ಯಾ? ಒಂದು ಕಾರ್ಡು ಹಾಕಕ್ಕೆ ಏನ್ ರೋಗ ಬಂದಿತ್ತು? ನಮ್ಮವ್ವ ಸಾಯೋವರ್ಗೂ ಹನ್ನೊಂದು ವರ್ಷ ಕಾದ್ಲು. ತಾಳಿ ಇಟ್ಕೊಂಡ್ರೆ ಒಬ್ರು ಆಡ್ಕೊಳ್ಳೋರು, ತೆಗೀತೀನಿ ಅಂದ್ರೆ ಇನ್ನೊಬ್ರು ಆಡ್ಕೊಳ್ಳೋರು. ಅರಿಶಿನ ಕುಂಕುಮಕ್ಕೆ ಕರೆಯೋರು ಕರೆದ್ರು, ಮುಖ ತಿರುಗಿಸೋರು ತಿರುಗಿಸಿದ್ರು. ಸಂಜೆ ರೈಲು ಬರೋ ಹೊತ್ತಿಗೆ ನನ್ನ ಸ್ಟೇಷನ್ನಿಗೆ ಕಳಿಸೋಳು, ಅಪ್ಪ ಇಳಿದ್ನಾ ನೋಡ್ಕೊಂಡು ಬಾ ಅಂತ. ನೀರು ಕೊಡ್ದೆ ಇದ್ದಿದ್ದಕ್ಕೆ ನಮ್ಮಪ್ಪ ಒಂದು ರಾತ್ರಿ ಸತ್ತ. ಕಾರ್ಡು ಹಾಕ್ದೆ ಇದ್ದಿದ್ದಕ್ಕೆ ನಮ್ಮವ್ವ ಹನ್ನೊಂದು ವರ್ಷ ಸತ್ಲು. ಅದನ್ನ ನಾನು ಕ್ಷಮಿಸಲ್ಲ. ನೀರು ಕೊಟ್ಟಿದ್ದು ನಮ್ಮ ಮನೆ ಪದ್ಧತಿ, ಕೊಟ್ಳು ಅಂತ ತಪ್ಪು ತಿಳ್ಕೋಬೇಡ ಅನ್ನು.’

ಹಗಿನೊ ತಲೆಯೆತ್ತಿ ನನ್ನ ಬಾಯಿ ನೋಡುತ್ತಿದ್ದರು. ಎಂಬತ್ತೆಂಟು ವರ್ಷದ ಮುದುಕ, ಹಣೆಯ ಮೇಲೆ ಧೂಳು. ನನ್ನ ನಾಲಿಗೆ ಇಪ್ಪತ್ತು ವರ್ಷದ ಚಾಳಿಗೆ ಬಿತ್ತು. ಜಪಾನಿಯಲ್ಲಿ ಇಷ್ಟೇ ಹೇಳಿದೆ: ‘ನೀರಿನ ವಿಷಯ ಬಿಟ್ಟುಬಿಡಿ. ಯುದ್ಧ, ಹಸಿವು, ಎಳೆಯ ವಯಸ್ಸು.’ ಅಲ್ಲಿಗೆ ನಿಲ್ಲಿಸಿದೆ. ಹೇಳಿದ್ದರಲ್ಲಿ ಸುಳ್ಳಿಲ್ಲ, ಎಲ್ಲ ಅವರದೇ ಮಾತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುದುಕರು ಲೋಟ ಎತ್ತಿ, ಅಳುತ್ತಾ, ನೀರನ್ನು ಕೊನೇ ಹನಿಯವರೆಗೆ ಕುಡಿದು ಗೌರಮ್ಮನವರಿಗೆ ಕೈ ಮುಗಿದರು.

‘ಏನಯ್ಯಾ ಮೂರ್ತಿ, ಇಷ್ಟು ಉಗಿದ್ರೂ ಕೈ ಮುಗೀತಾನಲ್ಲ? ನೆಟ್ಟಗೆ ಹೇಳ್ದ್ಯಾ?’

‘ಹೇಳ್ದೆ ಅಮ್ಮ. ಅವರ ದೇಶದಲ್ಲಿ ಹಂಗೇನೇ’ ಅಂದೆ. ಇದು ಮಾತ್ರ ಅಪ್ಪಟ ಸುಳ್ಳು. ಕರುಣೆಯಿಂದ ಹೇಳಿದೆ ಅಂದರೆ ಓದುವವರು ಮೆಚ್ಚಬಹುದು. ಆದರೆ ಎಲ್ಲ ಸಲೀಸಾಗಿ ಮುಗಿಯಿತು ಅಂತ ಮ್ಯಾನೇಜರ್ ಹತ್ತಿರ ಹೇಳಿಕೊಳ್ಳುವ ಆಸೆಯೂ ಇತ್ತು. ಹೇಳಿಕೊಂಡೆ, ಭೇಷ್ ಅನ್ನಿಸಿಕೊಂಡೆ.

ನಾಲ್ಕು ವರ್ಷ ಕಳೆಯಿತು. ನಾನು ನಿವೃತ್ತನಾಗಿ ಮನೆಯಲ್ಲಿ ಕೂತು ಅನುವಾದ ಮಾಡುತ್ತಿದ್ದೆ. ಬೆಂಗಳೂರಿನ ಒಬ್ಬ ಪ್ರಕಾಶಕರಿಂದ ಪಾರ್ಸೆಲ್ ಬಂತು. ಹಗಿನೊ ಅವರ ಹತ್ತನೆಯ ಪುಸ್ತಕ, ಅವರ ನಾಡಿನಲ್ಲಿ ದೊಡ್ಡ ಹೆಸರು ಮಾಡಿದೆ, ಜಪಾನಿಯಿಂದ ನೇರ ಕನ್ನಡಕ್ಕೆ ಮಾಡಿಕೊಡಿ ಅಂತ. ಮೊದಲ ಸಲ ಆ ರಸ್ತೆಯ ಸಿಪಾಯಿ ‘ನಾನು’ ಅಂದಿದ್ದ. ಕೊನೆಯ ಅಧ್ಯಾಯ ದೊಡ್ಡಬಳ್ಳಾಪುರ. ‘ನೀರಿನ ವಿಷಯ ಬಿಟ್ಟುಬಿಡಿ ಎಂದಳು ಮಗಳು. ನನಗೆ ನೀರು ಕೊಟ್ಟಳು. ಎಪ್ಪತ್ತು ವರ್ಷದ ಮೇಲೆ ಅಂದು ರಾತ್ರಿ ನಿದ್ದೆ ಮಾಡಿದೆ.’ ಕ್ಷಮಿಸಲ್ಲ ಅಂದವರು ಕ್ಷಮಿಸಿದರು ಅಂತ ಅಚ್ಚಾಗಿದೆ. ಅವ್ವನ ಹನ್ನೊಂದು ವರ್ಷ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಇರುವುದಾದರೂ ಹೇಗೆ? ಅದನ್ನು ನುಂಗಿದವನು ನಾನು.

ಕನ್ನಡದಲ್ಲಿ ಆ ಸಾಲನ್ನು ಒಂಚೂರು ತಿರುಚಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಎರಡು ದಿನ ಲೆಕ್ಕ ಹಾಕಿದೆ. ನಾಚಿಕೆಗೆಟ್ಟವನು! ಮೂರನೇ ದಿನ ಪ್ರಕಾಶಕರು ಫೋನ್ ಮಾಡಿದರು: ‘ಸಾರ್, ಬಿಡುಗಡೆ ದೊಡ್ಡಬಳ್ಳಾಪುರದಲ್ಲೇ ಇಟ್ಕೊಳ್ಳೋಣ. ಕ್ಷಮಿಸಿದ ಆ ಅಜ್ಜಿ ಇನ್ನೂ ಇದ್ದಾರಂತಲ್ಲ, ಅವರ ಕೈಯಿಂದಲೇ ಬಿಡುಗಡೆ.’ ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಗೌರಮ್ಮನವರ ಮನೆಗೆ ನಡೆದೆ.

ಕೊನೆಯ ಅಧ್ಯಾಯವನ್ನು ಕನ್ನಡದಲ್ಲಿ ಓದಿ ಹೇಳಿದೆ, ನಾನು ಬಿಟ್ಟಿದ್ದೇನು ಅಂತಲೂ ಹೇಳಿದೆ. ದೊಡ್ಡ ಮಗ ನಾಗರಾಜ ಎದ್ದು ನಿಂತ. ‘ಏಳ್ರೀ ಮೇಲೆ! ಆಚೆ ನಡೀರಿ ಮೊದ್ಲು’ ಅಂದ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದಿದ್ದರೆ ವಾಸಿಯಿತ್ತು.

‘ಕೂತ್ಕೊಳ್ಳೋ ನೀನು’ ಅಂದರು ಗೌರಮ್ಮ. ‘ಇವನನ್ನ ಓಡಿಸ್ಬಿಟ್ರೆ ನನ್ನ ಮಾತನ್ನ ಯಾರು ದಾಟಿಸ್ತಾರೆ? ಈ ಊರಲ್ಲಿ ಆ ಭಾಷೆ ಬರೋದು ಈ ಕಳ್ಳನೊಬ್ಬನಿಗೇ.’

ನನ್ನ ಕಡೆ ತಿರುಗಿದರು. ‘ನಿಮ್ಮಪ್ಪ ನಮ್ಮ ಬೀದಿಯೋನೇ. ನಿನಗೆ ನಮ್ಮವ್ವನ ಕಥೆ ಗೊತ್ತಿತ್ತು ತಾನೇ? ಗೊತ್ತಿದ್ದೂ ಬಿಟ್ಟೆಯಾ? ಕ್ಷಮೆ ನನ್ನ ಬಾಯಿಂದ ಬರ್ಬೇಕಾದ್ದು ಕಣೋ, ನೀನ್ಯಾವನು ಅದನ್ನ ದಾನ ಮಾಡಕ್ಕೆ? ನಂಗಿದ್ದಿದ್ದು ಅದೊಂದೇ. ಅವ್ವ ಸಾಯೋವಾಗ ಆಸ್ತಿ ಕೊಡ್ಲಿಲ್ಲ, ಈ ಸಿಟ್ಟು ಕೊಟ್ಟು ಹೋದ್ಲು.’

ಅವರ ಷರತ್ತು ಸರಳವಾಗಿತ್ತು. ಆ ಮನುಷ್ಯ ಸಾಯುವ ಮೊದಲು ಅವ್ವನ ಹನ್ನೊಂದು ವರ್ಷದ ವಿಷಯ ಅವನ ಕಿವಿಗೆ ಬೀಳಬೇಕು. ಬೀಳದಿದ್ದರೆ ಬಿಡುಗಡೆಯ ದಿನ ಮೈಕಿನಲ್ಲಿ ಅವರೇ ನನ್ನ ಬಣ್ಣ ಬಯಲು ಮಾಡುತ್ತಾರೆ.

ಹಗಿನೊ ಅವರ ಮಗಳಿಗೆ ಇಮೇಲ್ ಬರೆದೆ. ಆಕೆಯ ಉತ್ತರ ಚುಟುಕಾಗಿತ್ತು: ತಂದೆಗೆ ತೊಂಬತ್ತೆರಡು. ನೆಮ್ಮದಿಯಾಗಿದ್ದಾರೆ. ಆ ನೆಮ್ಮದಿ ಕೊಟ್ಟವರು ನೀವೇ, ಈಗ ಕಿತ್ತುಕೊಳ್ಳಲು ಬರಬೇಡಿ, ಮತ್ತೆ ಬರೆಯಬೇಡಿ. ಗೌರಮ್ಮನವರಿಗೆ ಹೇಳಿದೆ, ಇನ್ನು ಬಿಡ್ತಾರೇನೋ ಅಂತ ಒಳಗೊಳಗೆ ಆಸೆ. ‘ಮಗಳು ಅಡ್ಡ ಬಂದ್ರೆ ಅಪ್ಪನ ಹೆಸರಿಗೇ ಕಾಗದ ಹಾಕು. ಕಾಗದ ಹಾಕೋದು ಅಷ್ಟೇನೂ ಕಷ್ಟ ಅಲ್ಲ ಅಂತ ಅವ್ನಿಗೂ ಗೊತ್ತಾಗ್ಲಿ’ ಅಂದರು. ಹಾಕಿದೆ. ‘ಅಂದು ಆಕೆ ಹೇಳಿದ್ದರಲ್ಲಿ ಮುಕ್ಕಾಲು ಭಾಗವನ್ನು ನಾನು ನಿಮಗೆ ಹೇಳಲಿಲ್ಲ. ಆಕೆ ತಾವೇ ಹೇಳಬೇಕೆಂದಿದ್ದಾರೆ.’ ಮೂರು ವಾರಕ್ಕೆ ಫೋನ್ ಬಂತು. ಹಗಿನೊ ಅವರೇ. ದಿನ ಮತ್ತು ಗಂಟೆ ಹೇಳಿ ಇಟ್ಟುಬಿಟ್ಟರು.

ನಮಗೆ ಬೆಳಿಗ್ಗೆ ಹತ್ತೂವರೆ, ಅವರಿಗೆ ಮಧ್ಯಾಹ್ನ ಎರಡು. ನಾಗರಾಜ ಮೊಬೈಲನ್ನು ಸ್ಟೂಲಿನ ಮೇಲೆ ಒರಗಿಸಿಟ್ಟ, ವಿಡಿಯೋ ಕಾಲ್. ಪರದೆಯಲ್ಲಿ ಹಾಸಿಗೆಗೆ ಒರಗಿ ಕೂತ ಹಗಿನೊ, ಹಿಂದೆ ತುಟಿ ಬಿಗಿದು ನಿಂತ ಮಗಳು. ಇವತ್ತು ಒಂದು ಮಾತೂ ಬಿಡುವುದಿಲ್ಲ ಅಂತ ಎರಡೂ ಕಡೆಗೆ ಹೇಳಿ ಶುರು ಮಾಡಿದೆ. ನೆನಪಿಡಿ, ದುಭಾಷಿ ‘ನಾನು’ ಅಂತಲೇ ಹೇಳಬೇಕು. ಗೌರಮ್ಮ ಒಂದೊಂದೇ ಮಾತು ಹೇಳಿ ನಿಲ್ಲಿಸಿದರು, ಒಂದೊಂದನ್ನೂ ನಾನು ಜಪಾನಿಯಲ್ಲಿ ಇಟ್ಟೆ. ನಾನು ನಿಮಗೆ ನೀರು ಕೊಟ್ಟಿದ್ದು ಪದ್ಧತಿಗೆ. ನಾನು ನಿಮ್ಮನ್ನು ಕ್ಷಮಿಸಿಲ್ಲ. ನನ್ನ ತಾಯಿ ಹನ್ನೊಂದು ವರ್ಷ ಕಾದಳು. ನಾನು ದಿನಾ ಸಂಜೆ ಸ್ಟೇಷನ್ನಿಗೆ ಹೋದೆ. ನಿಮ್ಮ ಜೇಬಿನಲ್ಲಿ ನಮ್ಮ ಮನೆಯ ವಿಳಾಸ ಇತ್ತು.

‘ಹನ್ನೊಂದು ವರ್ಷ?’ ಅಂದರು ಹಗಿನೊ. ಮತ್ತೊಮ್ಮೆ, ‘ಹನ್ನೊಂದು ವರ್ಷ?’

‘ಹೂಂ ಅನ್ನು. ಯಾಕೆ ಹಾಕ್ಲಿಲ್ಲ ಕಾರ್ಡು, ಕೇಳು.’

ಹಗಿನೊ ತಡವರಿಸದೆ ಹೇಳಿದರು. ‘ವಾಪಸು ಬಂದ ವರ್ಷವೇ ಬರೆಯಲು ಕೂತೆ. ಸತ್ತ ಅಂತ ಬರೆದರೆ ಹೇಗೆ ಸತ್ತ ಅಂತಲೂ ಬರೆಯಬೇಕಿತ್ತು. ಮುಂದಿನ ವರ್ಷ ಬರೆಯೋಣ ಅಂದುಕೊಂಡೆ. ಕಾಯುತ್ತಿರುವವರು ಇದ್ದಾರೆ ಅನ್ನುವುದನ್ನು ಯೋಚಿಸಲಿಲ್ಲ. ನನ್ನ ಪಾಪದ ವಿಷಯ ಮಾತ್ರ ಯೋಚಿಸಿದೆ. ಒಂಬತ್ತು ಕಾದಂಬರಿ ಬರೆದೆ. ಒಂದು ಕಾರ್ಡು ಬರೆಯಲಿಲ್ಲ.’

‘ಕಾದಂಬರಿ ಯಾರಿಗೆ ಬೇಕಾಗಿತ್ತು?’ ಅಂದರು ಗೌರಮ್ಮ. ಅದನ್ನೂ ದಾಟಿಸಿದೆ. ಹಗಿನೊ ಕಣ್ಣು ಮುಚ್ಚಿ, ‘ಹಾಯ್’ ಅಂದರು. ಹೌದು ಅಂತ.

ಆಮೇಲೆ ಅವರ ದನಿ ಗಟ್ಟಿಯಾಯಿತು. ಕನ್ನಡ ಪುಸ್ತಕದಲ್ಲಿ ಕೊನೆಯ ಅಧ್ಯಾಯ ಇದ್ದ ಹಾಗೇ ಬರಲಿ, ಅದರ ಕೆಳಗೆ ಈಕೆ ಇವತ್ತು ಹೇಳಿದ್ದು ಪೂರ್ತಿ ಬರಲಿ, ಅದು ಮೊದಲೇ ನನಗೇಕೆ ಮುಟ್ಟಲಿಲ್ಲ ಅನ್ನುವುದೂ ಬರಲಿ ಅಂದರು. ಗೌರಮ್ಮ ತಲೆಯಾಡಿಸಿದರು. ಇನ್ನೇನು ಮುಗಿಯಿತು ಅಂದುಕೊಂಡೆ. ಹಗಿನೊ ಪರದೆಯೊಳಗಿನಿಂದ ನೇರ ನನ್ನನ್ನು ನೋಡಿದರು. ಅಷ್ಟು ಹೊತ್ತು ಇಲ್ಲದ ಕೋಪ ಆ ಮುಖದಲ್ಲಿತ್ತು. ಎತ್ತರದ ದನಿಯಲ್ಲಿ ಬಿಡದೆ ಮಾತಾಡಿದರು. ಮಗಳು ತಡೆಯಲು ಹೋದರೆ ಕೈ ಕೊಡವಿದರು.

‘ಏನಂದ?’ ಅಂತ ಕೇಳಿದರು ಗೌರಮ್ಮ.

ಜೀವಮಾನದಲ್ಲಿ ನಾನು ಮಾಡಿದ ಅತಿ ಕಷ್ಟದ ಅನುವಾದ ಅದು. ನಿಯಮ ನಿಯಮವೇ, ಹೇಳಬೇಕು. ನನ್ನ ಬಾಯಿಂದಲೇ, ನನ್ನ ಊರಿನ ನಡುಮನೆಯಲ್ಲಿ, ಹೇಳಿದೆ: ‘ಈ ದುಭಾಷಿ ಕಳ್ಳ. ನಾಲ್ಕು ವರ್ಷ ನನ್ನನ್ನು ಮೂರ್ಖನ ಹಾಗೆ ನೆಮ್ಮದಿಯಿಂದ ಇಟ್ಟ. ನಾನು ಅಷ್ಟು ದೂರದಿಂದ ಬಂದದ್ದು ಬೈಸಿಕೊಳ್ಳಲು. ನನಗೆ ಸೇರಬೇಕಾದ ಬೈಗುಳವನ್ನು ಇವನು ಜೇಬಿಗೆ ಹಾಕಿಕೊಂಡ. ಇವನ ಮುಖ ನೋಡಲು ನನಗೆ ಇಷ್ಟವಿಲ್ಲ.’

ಗೌರಮ್ಮ ನನ್ನನ್ನೊಮ್ಮೆ, ಮೊಬೈಲನ್ನೊಮ್ಮೆ ನೋಡಿದರು. ‘ಅದಂತೂ ದಿಟ ಅನ್ನು’ ಅಂದರು.

ಅಂದೆ. ಆ ಮುದುಕನೂ ಈ ಮುದುಕಿಯೂ ಇಬ್ಬರೂ ಮನಸಾರೆ ಒಪ್ಪಿಕೊಂಡ ಮಾತು ಅದೊಂದೇ.

ಪುಸ್ತಕ ಹಗಿನೊ ಹೇಳಿದಂತೆಯೇ ಅಚ್ಚಾಯಿತು. ಬಿಡುಗಡೆ ಸಮಾರಂಭ ಆಗಲಿಲ್ಲ. ಹಗಿನೊ ಮರುವರ್ಷ ತೀರಿಕೊಂಡರು. ಗೌರಮ್ಮನವರಿಗೆ ಸುದ್ದಿ ಹೇಳಲು ಹೋದರೆ ‘ಸರಿ’ ಅಂದರು, ಕೂತುಕೋ ಅನ್ನಲಿಲ್ಲ. ಇಂದಿಗೂ ಪೇಟೆಯಲ್ಲಿ ಎದುರಾದರೆ ಸೆರಗು ಕೊಡವಿಕೊಂಡು ಆಚೆ ಬದಿಗೆ ಹೋಗುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಈಗ ಪಾಠ ಹೇಳುತ್ತೇನೆ. ವ್ಯಾಕರಣ ಆಮೇಲೆ ಕಲಿಯಿರಿ, ಮೊದಲು ಇದನ್ನು ಕಲಿಯಿರಿ ಅನ್ನುತ್ತೇನೆ: ಯಾರಾದರೂ ಉಗಿದರೆ ಉಗಿದಷ್ಟನ್ನೂ ತಲುಪಿಸಿ. ಉಗಿಯುವವರು ಅದನ್ನು ಎಷ್ಟು ವರ್ಷ ಬಾಯಲ್ಲಿಟ್ಟುಕೊಂಡು ಕಾದಿದ್ದಾರೋ, ಉಗಿಸಿಕೊಳ್ಳುವವರು ಎಷ್ಟು ದೂರದಿಂದ ಅದಕ್ಕೇ ಬಂದಿದ್ದಾರೋ, ನಿಮಗೇನು ಗೊತ್ತು?